ಮೇಲಿಂದ ಬಿದ್ದ ಚೀಟಿ

ಆಫೀಸಿನ ಕೆಲಸದ ಮೇಲೆ ಡಬ್ಲಿನ್‌ನಲ್ಲಿದ್ದಾಗ ಒಂದು ಶನಿವಾರ ರಾಸ್‌ಕಾಮನ್ ಕೌಂಟಿಯ ಸ್ಟ್ರೋಕ್ಸ್‌ಟೌನ್ ಪಾರ್ಕ್ ನೋಡೋಕೆ ಹೋಗಿದ್ದೆ. 18ನೇ ಶತಮಾನದ ದೊಡ್ಡ ಬಂಗಲೆ. ಮಾಹನ್ ಅನ್ನೋ ಜಮೀನ್ದಾರಿ ಮನೆತನ 1979ರಲ್ಲಿ ಮಾರುವ ತನಕ ಅಲ್ಲೇ ಇತ್ತಂತೆ. ಊಟದ ಕೋಣೆಗೆ ಕಾಲಿಟ್ಟವನು ಸುಮ್ಮನೆ ನಿಂತುಬಿಟ್ಟೆ. ಉದ್ದನೆಯ ಮೇಜು, ಬೆಳ್ಳಿ, ಗಾಜು. ಫೋಟೋ ತೆಗೆದು ಊರಲ್ಲಿರೋ ಅವ್ವನಿಗೆ ವಾಟ್ಸಾಪ್ ಮಾಡಿದೆ.

ಇಂಥ ಮನೆಗಳಲ್ಲಿ ಊಟ ಅಂದ್ರೆ ಹಸಿವಿಗೆ ಉಣ್ಣೋದಲ್ಲ, ಅದೊಂದು ಮೆರವಣಿಗೆ. ಯಜಮಾನ ಅಂತಸ್ತಿನಲ್ಲಿ ದೊಡ್ಡವಳಾದ ಅತಿಥಿಯ ಕೈಹಿಡಿದು ಮುಂದೆ ಹೋಗಬೇಕು, ಉಳಿದವರು ಅಂತಸ್ತಿನ ಪ್ರಕಾರ ಹಿಂದೆ. ಸೂಪು, ಮೀನು, ಹುರಿದ ಮಾಂಸ, ಸಿಹಿ ಹೀಗೆ ಒಂದಾದ ಮೇಲೊಂದು. ಕೊನೆಗೆ ಹೆಂಗಸರು ಎದ್ದು ಇನ್ನೊಂದು ಕೋಣೆಗೆ, ಗಂಡಸರು ವೈನ್ ಜೊತೆ ಅಲ್ಲೇ.

ಅಷ್ಟರಲ್ಲಿ ಅವ್ವನ ವಾಯ್ಸ್ ಮೆಸೇಜು ಬಂತು. ಮೇಜಿನ ಬಗ್ಗೆ ಒಂದು ಮಾತಿಲ್ಲ. "ಅಡುಗೆಮನೆ ಎಲ್ಲೈತೆ ಮಗ? ಇಷ್ಟೊಂದು ಪಾತ್ರೆ ಯಾರು ತೊಳೀತಿದ್ರು?"

ಹುಡುಕಿಕೊಂಡು ಹೋದೆ. ಎತ್ತರದ ಅಡುಗೆಮನೆ, ಅದರ ಮೇಲೆ ಒಂದು ಗ್ಯಾಲರಿ. ಮನೆಯೊಡತಿ ಕೆಳಗೆ ಇಳೀತಾನೇ ಇರಲಿಲ್ಲವಂತೆ. ಸೋಮವಾರ ಬೆಳಗ್ಗೆ ಆ ಗ್ಯಾಲರಿಯಿಂದ ಇಡೀ ವಾರದ ಊಟದ ಪಟ್ಟಿಯನ್ನ ಕೆಳಗಿದ್ದ ಅಡುಗೆಯವಳಿಗೆ ಬೀಳಿಸುತ್ತಿದ್ದಳಂತೆ. ನನಗೆ ನಗು ಬಂತು. ಸೋಮವಾರ ಮೇಲಿಂದ ಟಿಕೆಟ್ ಬೀಳೋದು ನಮ್ಮ ಸಾಫ್ಟ್‌ವೇರ್‌ನವರಿಗೆ ಹೊಸದೇನಲ್ಲ. ಆಳುಗಳು ಓಡಾಡೋದು ಕಣ್ಣಿಗೆ ಬೀಳಬಾರದು ಅಂತ ನೆಲದಡಿ ಸುರಂಗ ಬೇರೆ ಕಟ್ಟಿದ್ದಾರೆ. ಅದನ್ನ ನೋಡಿದಾಗ ನಗು ನಿಂತಿತು.

ಅದೇ ಎಸ್ಟೇಟಿನ ಕುದುರೆ ಲಾಯದ ಅಂಗಳದಲ್ಲಿ 1994ರಿಂದ ಬರಗಾಲದ ಮ್ಯೂಸಿಯಂ ಇದೆ. 1845ರಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಶುರುವಾದ ಆ ಬರದಲ್ಲಿ ಐರ್ಲೆಂಡಿನ ಸುಮಾರು 10 ಲಕ್ಷ ಜನ ಸತ್ತರು. ದೇಶದಿಂದ ಧಾನ್ಯ, ದನ ಹೊರಗೆ ಹೋಗೋದು ಮಾತ್ರ ನಿಲ್ಲಲಿಲ್ಲ. 1846ರಲ್ಲಿ ಕ್ಲೂನಹೀ ಎಂಬಲ್ಲಿನ ಒಕ್ಕಲುಗಳು ಕೆಲಸ ಕೊಡಿ ಅಂತ ಬರೆದ ಅರ್ಜಿ ಇದೇ ಮನೆಯ ಕಾಗದಗಳಲ್ಲಿ ಸಿಕ್ಕಿತು. ಮರುವರ್ಷ ಜಮೀನ್ದಾರ ಡೆನಿಸ್ ಮಾಹನ್ ತನ್ನ 1,490 ಒಕ್ಕಲುಗಳನ್ನ ಕೆನಡಾಕ್ಕೆ ಸಾಗಹಾಕಿದ. ಡಬ್ಲಿನ್ ತನಕ ನಡೆದೇ ಹೋದರು, ಎಷ್ಟೋ ಜನ ಹಡಗಿನಲ್ಲೇ ಸತ್ತರು. ಅದೇ ನವೆಂಬರಿನಲ್ಲಿ ಮಾಹನ್‌ನನ್ನ ಗುಂಡಿಟ್ಟು ಕೊಂದರು.

ಮೇಲಿಂದ ಬಿದ್ದ ಚೀಟಿಯಂತೆ ವಾರವಾರವೂ ಅಡುಗೆ ಆಯಿತು. ಕೆಳಗಿಂದ ಹೋದ ಅರ್ಜಿ ಕಾಗದದ ಕಟ್ಟಿನಲ್ಲಿ ಉಳಿಯಿತು.

ರಾತ್ರಿ ಅವ್ವನಿಗೆ ಫೋನ್ ಮಾಡಿ ಗ್ಯಾಲರಿ, ಸುರಂಗ ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ನಾನೂ ದೊಡ್ಡಮನೆ ಮದುವೆಗೆ ಮೂರು ದಿನ ಖಾರ ರುಬ್ಬಿಲ್ವಾ? ಒಳಗಿನ ಪಂಕ್ತಿ ಹೆಂಗಿತ್ತು ಅಂತ ಇವತ್ತಿಗೂ ಗೊತ್ತಿಲ್ಲ. ನಮಗೆ ಹಿತ್ತಲಲ್ಲೇ ಎಲೆ ಹಾಕೋರು" ಅಂದಳು.

ಇದನ್ನ ಅವ್ವ ಯಾವತ್ತೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಬೆಳಗ್ಗೆ ಆ ಊಟದ ಕೋಣೆಯಲ್ಲಿ ಬೆರಗಾಗಿ ನಿಂತಾಗ, ಆ ಕಾಲದಲ್ಲಿ ಹುಟ್ಟಿದ್ದರೆ ನಾನು ಯಾವ ಬಾಗಿಲಿಂದ ಒಳಗೆ ಬರುತ್ತಿದ್ದೆ ಅಂತ ಯೋಚಿಸಿರಲೇ ಇಲ್ಲ.

"ನೀನು ಊಟ ಮಾಡಿದ್ಯಾ?" ಅಂತ ಅವ್ವ ಕೇಳಿದಳು. ಮಾಡಿರಲಿಲ್ಲ. ಮಾಡಿದೆ ಅಂದೆ.