ದೊಡ್ಡಪ್ಪನ ಕರಡಿ, ದೊಡ್ಡಮ್ಮನ ಮಡಕೆ

ಬೇಟೆಗಾರರ ಕತೆಗಳಿಗೆ ಅದೇನೋ ಒಂದು ಮೋಡಿಯಿದೆ. ಕೇಳುವವರು ಕಣ್ಣರಳಿಸಿ ಕೇಳುತ್ತಾರೆಯೇ ಹೊರತು ಮಧ್ಯೆ ಬಾಯಿ ಹಾಕುವುದಿಲ್ಲ. ಕೆನೆತ್ ಆಂಡರ್ಸನ್ನರು ಅರಸೀಕೆರೆ ಕಡೆಯ ಗುಡ್ಡಗಳಲ್ಲಿ ನರಹಂತಕ ಕರಡಿಯೊಂದರ ಬೆನ್ನು ಹತ್ತಿದ ಕತೆಯನ್ನು ಓದಿದವರಿಗೆ ಇದು ಗೊತ್ತಿರುತ್ತದೆ. ಆ ಪುಸ್ತಕ ನನ್ನ ಕೈಗೆ ಸಿಗುವ ಮೊದಲೇ ನಮ್ಮ ಮನೆಯಲ್ಲೇ ಒಬ್ಬ ಬೇಟೆಗಾರರಿದ್ದರು, ನಮ್ಮ ದೊಡ್ಡಪ್ಪ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವರ ಒಂಟಿ ನಳಿಗೆಯ ಕೋವಿ ಗೋಡೆಯ ಗೂಟಕ್ಕೆ ಏರಿಯಾಗಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ಕತೆಗಳು ಮಾತ್ರ ನಿಲ್ಲಲಿಲ್ಲ.

ಕರಡಿಯ ವಿಷಯದಲ್ಲಿ ದೊಡ್ಡಪ್ಪ ಮೂರು ಮಾತು ಹೇಳುತ್ತಿದ್ದರು. ಮೊದಲನೆಯದು: "ಹುತ್ತ ಬಗೆಯುವ ಕರಡಿಗೆ ಲೋಕದ ಪರಿವೆ ಇರೋದಿಲ್ಲ ಕಣೋ. ಸದ್ದಿಲ್ಲದೆ ಎದುರಾದೆಯೋ, ಮುಖಕ್ಕೇ ಬೀಳುತ್ತೆ. ಗುಡ್ಡದಲ್ಲಿ ಕೆಮ್ಮುತ್ತಾ, ಮಾತಾಡುತ್ತಾ ನಡಿ." ಎರಡನೆಯದು: "ಅಟ್ಟಿಸಿಕೊಂಡು ಬಂದರೆ ಇಳಿಜಾರಿಗೆ ಓಡು. ಕೂದಲು ಕಣ್ಣಿಗೆ ಬಿದ್ದು ಅದಕ್ಕೆ ದಾರಿ ಕಾಣೋದಿಲ್ಲ." ಮೂರನೆಯದು ಊಟದ ಮಾತು. ನಾನು ಹುಟ್ಟುವ ಮೊದಲು ಅವರು ಒಂದೇ ಒಂದು ಸಲ ಕರಡಿ ಮಾಂಸ ತಿಂದಿದ್ದರಂತೆ. "ನಾರು ನಾರು, ಜಿಡ್ಡು ಜಿಡ್ಡು. ಆದರೆ ಉಪ್ಪು ಅರಿಸಿನ ಸವರಿ ಬಿಸಿಲಿಗೆ ಒಣಗಿಸಿದರೆ ಯಾವ ಹುಳವೂ ಉಳಿಯೋದಿಲ್ಲ. ನಮಗೇನಾದರೂ ಆಯಿತೇ?" ಎಂದು ಅವರು ಕೇಳಿದಾಗ, ಏನೂ ಆಗದೆ ಎದುರಿಗೆ ಕೂತಿದ್ದವರನ್ನು ನೋಡಿ ನಾವು ತಲೆಯಾಡಿಸುತ್ತಿದ್ದೆವು.

ಹೋದ ವರ್ಷ ಒಂಬತ್ತನೆಯ ತರಗತಿಗೆ ಪರಾವಲಂಬಿ ಜೀವಿಗಳ ಬಗ್ಗೆ ಹೇಳುತ್ತಾ ಈ ಪ್ರಸಂಗವನ್ನೂ, ಅದರ ಜೊತೆಗೆ ಅಮೆರಿಕದ ಒಂದು ಘಟನೆಯನ್ನೂ ಹೇಳಿದೆ. ಅಲ್ಲಿ, ಕೆನಡಾದಲ್ಲಿ ಕೂಡ, ಪರವಾನಗಿ ಪಡೆದು ಕರಡಿ ಬೇಟೆಯಾಡುವವರಿದ್ದಾರೆ. 2022ರಲ್ಲಿ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ಉತ್ತರ ಭಾಗದಲ್ಲಿ ಹೊಡೆದ ಕಪ್ಪು ಕರಡಿಯೊಂದರ ಮಾಂಸವನ್ನು ಒಂದು ಕುಟುಂಬ 45 ದಿನ ಫ್ರೀಜರಿನಲ್ಲಿ ಇಟ್ಟಿತ್ತು. ಹೆಪ್ಪುಗಟ್ಟಿಸಿದರೆ ಹುಳು ಸಾಯುತ್ತದೆ ಎಂಬುದು ಬೇಟೆಯ ಏರ್ಪಾಡು ಮಾಡಿಕೊಟ್ಟವರ ಸಲಹೆ. ಆಮೇಲೆ ಸೌತ್ ಡಕೋಟಾದಲ್ಲಿ ಬಂಧುಗಳೆಲ್ಲ ಸೇರಿದಾಗ ಅದನ್ನು ತರಕಾರಿಯ ಜೊತೆ ಕೆಂಡದ ಮೇಲೆ ಸುಟ್ಟರು. ಕರಡಿ ಮಾಂಸದ ಬಣ್ಣವೇ ಕಡುಗಪ್ಪು. ಬೆಂದಿದೆಯೋ ಇಲ್ಲವೋ ಕಣ್ಣಿಗೆ ತಿಳಿಯಲಿಲ್ಲ. ಸ್ವಲ್ಪ ತಿಂದ ಮೇಲೆ ಹಸಿಯಿದೆಯೆಂದು ಗೊತ್ತಾಗಿ ಮತ್ತೆ ಬೇಯಿಸಿದರಾದರೂ ಹೊತ್ತು ಮೀರಿತ್ತು. ಆರು ಜನರಿಗೆ ಕಾಯಿಲೆಯಾಯಿತು. ಜ್ವರ, ತಾಳಲಾರದ ಸ್ನಾಯು ನೋವು, ಕಣ್ಣಿನ ಸುತ್ತ ಊತ. ಆರರಲ್ಲಿ ಇಬ್ಬರು ಮಾಂಸವನ್ನೇ ಮುಟ್ಟಿರಲಿಲ್ಲ, ಅದರ ಜೊತೆ ಬೆಂದ ತರಕಾರಿಯನ್ನಷ್ಟೇ ತಿಂದಿದ್ದರು. ಪುಣ್ಯಕ್ಕೆ ಎಲ್ಲರೂ ಗುಣವಾದರು.

ಈ ಕಾಯಿಲೆಗೆ ಕಾರಣ ಟ್ರಿಕಿನೆಲ್ಲ ಎಂಬ ದಾರದಂಥ ಹುಳು. ಅದರ ಮರಿಗಳು ಪ್ರಾಣಿಯ ಸ್ನಾಯುವಿನಲ್ಲಿ ಪುಟ್ಟ ಚೀಲ ಕಟ್ಟಿಕೊಂಡು ಮಲಗಿರುತ್ತವೆ. ತಿಂದವರ ಹೊಟ್ಟೆಯಲ್ಲಿ ಚೀಲ ಕರಗುತ್ತದೆ, ಹುಳುಗಳು ಕರುಳಿನಲ್ಲಿ ಬೆಳೆದು ಮರಿ ಹಾಕುತ್ತವೆ, ಮರಿಗಳು ರಕ್ತದ ಮೂಲಕ ನಮ್ಮ ಸ್ನಾಯು ಸೇರುತ್ತವೆ. ಹಂದಿ ಮಾಂಸದಲ್ಲಿ ಸಾಮಾನ್ಯವಾಗಿ ಕಾಣುವ ಜಾತಿ ಮೂರು ವಾರದ ಹೆಪ್ಪಿನಲ್ಲಿ ಸಾಯುತ್ತದೆ. ಬೇಟೆಯವರ ಸಲಹೆ ಅಷ್ಟರ ಮಟ್ಟಿಗೆ ನಿಜ. ಆದರೆ ಉತ್ತರದ ಚಳಿನಾಡಿನ ಕರಡಿಗಳಲ್ಲಿ ಇರುವುದು ಬೇರೆಯೇ ಜಾತಿ, ಟ್ರಿಕಿನೆಲ್ಲ ನೇಟಿವಾ. ಅದು ಚಳಿಯನ್ನು ತಡೆಯುವಂಥದ್ದು. ಆ ಮನೆಯಲ್ಲಿ ಉಳಿದಿದ್ದ ಮಾಂಸವನ್ನು ಪರೀಕ್ಷಿಸಿದಾಗ, ನೂರು ದಿನ ದಾಟಿದ್ದರೂ ಮರಿಗಳು ಜೀವಂತವಾಗಿ ಮಿಸುಕುತ್ತಿದ್ದವು. ಕೊಲ್ಲುವುದು ಬೆಂಕಿಯೊಂದೇ. ಮಾಂಸದ ಒಳಗೂ ಸುಮಾರು 74 ಡಿಗ್ರಿ ಸೆಲ್ಸಿಯಸ್ ಶಾಖ ತಾಗಬೇಕು. ಉಪ್ಪು ಹಾಕಿದರೆ, ಒಣಗಿಸಿದರೆ, ಹೊಗೆ ಕೊಟ್ಟರೆ ಸತ್ತೇ ಸಾಯುತ್ತದೆ ಎಂದು ನಂಬುವಂತಿಲ್ಲ.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಹಾಗಾದರೆ ನಿಮ್ಮ ದೊಡ್ಡಪ್ಪ ಹೇಳಿದ್ದು ಸುಳ್ಳಾ?" ಎಂದಳು. ತರಗತಿ ನಕ್ಕಿತು, ಅವಳು ನಗಲಿಲ್ಲ. ಅವಳ ಮನೆಯಲ್ಲೂ ಒಬ್ಬ ಅಜ್ಜನಿದ್ದಾನೆ. ಹೌದು ಎಂದರೆ ಆ ಮಗು ಮನೆಗೆ ಹೋಗಿ ಅಜ್ಜನ ಮಾತನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎಸೆದೀತು. ಅಲ್ಲ ಎಂದರೆ ನಾನು ಮಾಡಿದ ಪಾಠಕ್ಕೆ ಅರ್ಥವಿಲ್ಲ. ನಾನು ಹೇಳಿದೆ: "ಮೂರು ಮಾತನ್ನೂ ಬೇರೆ ಬೇರೆಯಾಗಿ ತೂಗಬೇಕು ತಾಯಿ."

ಮೊದಲ ಮಾತು ಅಪ್ಪಟ ನಿಜ. ನಮ್ಮ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿ ಹಲ್ಲುಗಳಿಲ್ಲ. ಆ ಸಂದಿಯಿಂದ ಗೆದ್ದಲನ್ನು ಭುಸಭುಸನೆ ಹೀರುವಾಗ ಎದ್ದ ಸದ್ದಿನಲ್ಲಿ ಅದಕ್ಕೆ ಬೇರೆ ಸದ್ದು ಕೇಳುವುದಿಲ್ಲ. ಹತ್ತಿರದಲ್ಲಿ ದಿಢೀರನೆ ಮನುಷ್ಯನನ್ನು ಕಂಡಾಗ ಹೆದರಿ ಮೇಲೆ ಬೀಳುತ್ತದೆ. ಎರಡನೆಯ ಮಾತು ನಂಬಿದವರ ಪ್ರಾಣಕ್ಕೇ ಸಂಚಕಾರ. ಕರಡಿ ಇಳಿಜಾರಿನಲ್ಲೂ ಮನುಷ್ಯನಿಗಿಂತ ಚುರುಕಾಗಿ ಓಡುತ್ತದೆ. ಇನ್ನು ಮೂರನೆಯದು. ಏನೂ ಆಗಲಿಲ್ಲ ಎಂಬುದು ನಿಜ, ಕಾರಣ ಮಾತ್ರ ಬೇರೆ ಇದ್ದೀತು. ಆ ಕರಡಿಯಲ್ಲಿ ಹುಳುವೇ ಇರಲಿಲ್ಲವೇನೋ. ಇದ್ದರೂ, ಒಣಗಿದ ಮಾಂಸ ಮೆತ್ತಗಾಗಲೆಂದು ದೊಡ್ಡಮ್ಮ ಅದನ್ನು ಮಣ್ಣಿನ ಮಡಕೆಯಲ್ಲಿ ಅರ್ಧ ರಾತ್ರಿಯವರೆಗೆ ಕುದಿಸಿದ್ದರಂತೆ. ಕೀರ್ತಿಯೆಲ್ಲ ಬಿಸಿಲಿಗೆ ಹೋಯಿತು, ಕೆಲಸ ಮಾಡಿದ್ದು ಒಲೆ.

ಅನುಭವವೇ ಗೆದ್ದ ಉದಾಹರಣೆಯೂ ಇದೆ. ಡಚ್ ನಾವಿಕ ವಿಲೆಂ ಬ್ಯಾರೆಂಟ್ಸ್ ಮತ್ತು ಸಂಗಡಿಗರು 1596ರ ಚಳಿಗಾಲದಲ್ಲಿ ಆರ್ಕ್‌ಟಿಕ್‌ನ ನೊವಾಯ ಜೆಮ್ಲ್ಯ ದ್ವೀಪದಲ್ಲಿ ಸಿಕ್ಕಿಬಿದ್ದರು. 1597ರಲ್ಲಿ ಹಿಮಕರಡಿಯ ಯಕೃತ್ತನ್ನು ಬೇಯಿಸಿ ತಿಂದು ಹಾಸಿಗೆ ಹಿಡಿದರು. ಮೂವರಿಗಂತೂ ಮೈತುಂಬ ಚರ್ಮ ಸುಲಿದುಹೋಯಿತು. ಇಲ್ಲಿ ಬೆಂಕಿಯಿಂದ ಪ್ರಯೋಜನವಾಗಲಿಲ್ಲ. ಏಕೆಂದರೆ ಕಾರಣ ಹುಳುವಲ್ಲ, 'ಎ' ಜೀವಸತ್ವ. ದಿನವೊಂದಕ್ಕೆ ನಮಗೆ ಬೇಕಾದದ್ದು ಸುಮಾರು 3,000 ಅಂತರರಾಷ್ಟ್ರೀಯ ಘಟಕ. ಸೀಲ್ ಪ್ರಾಣಿಗಳನ್ನು ತಿಂದು ಬೆಳೆಯುವ ಹಿಮಕರಡಿಯ ಯಕೃತ್ತಿನ ಒಂದೇ ಗ್ರಾಮಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಘಟಕಗಳಿರುತ್ತವೆ. ಇದನ್ನು ವಿಜ್ಞಾನಿಗಳು ತೋರಿಸಿಕೊಟ್ಟದ್ದು 1943ರಲ್ಲಿ. ಆದರೆ ಆ ಹಿಮನಾಡಿನ ಇನ್ಯುಯಿಟ್ ಜನ ಅದಕ್ಕೂ ಬಹಳ ಮೊದಲಿನಿಂದ ಹಿಮಕರಡಿಯ ಯಕೃತ್ತನ್ನು ತಿನ್ನದೆ ಬಿಡುತ್ತಿದ್ದರು. ಜೀವಸತ್ವದ ಹೆಸರು ಅವರಿಗೆ ಗೊತ್ತಿರಲಿಲ್ಲ, ತಿಂದರೆ ಏನಾಗುತ್ತದೆಂದು ಗೊತ್ತಿತ್ತು.

ಆದ್ದರಿಂದ ಹಿರಿಯರ ಮಾತು ಎಂದಮಾತ್ರಕ್ಕೆ ಒಪ್ಪಬೇಕಾಗಿಯೂ ಇಲ್ಲ, ಅಲ್ಲಗಳೆಯಬೇಕಾಗಿಯೂ ಇಲ್ಲ. ಎಲ್ಲಿ ಕಂಡದ್ದು, ಎಷ್ಟು ಸಲ ಕಂಡದ್ದು, ಬೇರೆ ಕಾರಣ ಇರಬಹುದೇ ಎಂದು ವಿಚಾರಿಸಬೇಕು. ತಂದೆತಾಯಿಯರಲ್ಲಿ ನನ್ನದೊಂದು ವಿನಂತಿ. ಮಗು "ಅದು ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರೆ ಎದುರುತ್ತರವೆಂದು ಗದರಬೇಡಿ.

ಟ್ರಿಕಿನೆಲ್ಲ ಬೆಳಕಿಗೆ ಬಂದದ್ದೂ ಒಬ್ಬ ವಿದ್ಯಾರ್ಥಿಯಿಂದಲೇ. 1835ರಲ್ಲಿ ಲಂಡನ್ನಿನ ಸೇಂಟ್ ಬಾರ್ತೊಲೊಮ್ಯು ಆಸ್ಪತ್ರೆಯಲ್ಲಿ ಜೇಮ್ಸ್ ಪ್ಯಾಜೆಟ್ ಎಂಬ 21 ವರ್ಷದ ತರುಣ ಮೊದಲ ವರ್ಷದ ವೈದ್ಯಕೀಯ ಓದುತ್ತಿದ್ದ. ಶವ ಕೊಯ್ಯುವಾಗ ಸ್ನಾಯುವಿನಲ್ಲಿ ಬಿಳಿಯ ಚುಕ್ಕಿಗಳು ಕಂಡವು. ಅಂಥ ಚುಕ್ಕಿಗಳನ್ನು ಅವನಿಗಿಂತ ಮೊದಲೂ ಜನ ಕಂಡಿದ್ದರು, ಚಾಕುವಿನ ಅಲಗು ಮೊಂಡಾಗುತ್ತದೆಂದು ಗೊಣಗಿಕೊಂಡು ಸುಮ್ಮನಾಗಿದ್ದರು. ಪ್ಯಾಜೆಟ್ ಸುಮ್ಮನಾಗಲಿಲ್ಲ. ಒಂದು ಚುಕ್ಕಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ. ಒಳಗೆ ಸುರುಳಿ ಸುತ್ತಿಕೊಂಡ ಹುಳುವಿತ್ತು.