ಎಣ್ಣೆ ಬಾಟಲಿಯ ಮೇಲೆ ಏನು ಬರೆಯಬೇಕು?

ಹೋದ ದೀಪಾವಳಿಗೆ ನಾವು ತಲೆಗೆ ಹಚ್ಚುವ ಎಣ್ಣೆ ಮಾಡಿ ಮಾರಿದೆವು. ನಿಮ್ಮಲ್ಲಿ ಕೆಲವರು ಕೊಂಡಿದ್ದೀರಿ. ಕೊಂಡವರಿಗೂ, ಕೊಳ್ಳಬೇಕು ಅಂತಿದ್ದವರಿಗೂ ಹೇಳಬೇಕಾದ ಒಂದು ಮಾತು ಬಾಕಿ ಉಳಿದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ನಾವು ಮೂವರು. ತಿಪಟೂರು ಸೀಮೆಯ ಒಂದೇ ಊರಿನವರು, ಮೂವರೂ ಪತ್ರಿಕೋದ್ಯಮ ಓದಿದವರು. ಓದು ಮುಗಿಸಿ ಊರಿಗೆ ಬಂದ ಮೇಲೆ ಒಬ್ಬಳು ಪತ್ರಿಕೆಗೆ ಸುದ್ದಿ ಕಳಿಸುತ್ತಾಳೆ, ಒಬ್ಬಳು ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುತ್ತಾಳೆ, ಇನ್ನೊಬ್ಬಳು ಮನೆಯ ತೋಟ ನೋಡಿಕೊಳ್ಳುತ್ತಾಳೆ. ಸುದ್ದಿಯಿಂದ ಬರುವ ದುಡ್ಡು ಮೊಬೈಲ್ ರೀಚಾರ್ಜಿಗೆ ಸರಿಹೋಗುತ್ತದೆ. ಹಾಗಾಗಿ ಏನಾದರೂ ಒಂದು ಮಾಡಬೇಕು ಅನ್ನುವ ಮಾತು ನಡೆದೇ ಇತ್ತು.

ಕಣ್ಣೆದುರಿಗೆ ಇದ್ದದ್ದು ಕೊಬ್ಬರಿ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಅನ್ನುವಾಗ ಸುಲಿದು ಒಡೆಯುತ್ತಾರೆ. ಉಂಡೆ ಕೊಬ್ಬರಿ ಮಾರ್ಕೆಟ್ಟಿಗೆ ಹೋಗುತ್ತದೆ. ಒಡೆದು ಚೂರಾದದ್ದಕ್ಕೆ ರೇಟಿಲ್ಲ. ಆ ಚೂರನ್ನೇ ಗಾಣಕ್ಕೆ ಹಾಕಿಸಿದೆವು. 14 ಕೆ.ಜಿ. ಕೊಬ್ಬರಿಗೆ ಎಂಟೂವರೆ ಲೀಟರ್ ಚಿಲ್ಲರೆ ಎಣ್ಣೆ ಬಂತು.

ಉಳಿದದ್ದು ಅಜ್ಜಿಯ ಪಾಲು. ನಮ್ಮಲ್ಲೊಬ್ಬಳ ಅಜ್ಜಿಗೆ ಎಪ್ಪತ್ತು ದಾಟಿದೆ, ತುರುಬು ಇನ್ನೂ ಮುಷ್ಟಿ ಗಾತ್ರ ಇದೆ. ಊರಲ್ಲಿ ನಮ್ಮ ಎಣ್ಣೆಗೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. ದಾಸವಾಳದ ಹೂ, ಗರುಗದ ಸೊಪ್ಪು, ಕರಿಬೇವು, ಒಂದೆಲಗ, ಮೆಂತ್ಯ. ಇಷ್ಟೇ ಅಜ್ಜಿಯ ಲೆಕ್ಕ.

ಮೊದಲ ಸಲ ನಾವು ಅವಸರ ಮಾಡಿದೆವು. ಹಸಿ ಹೂ, ಹಸಿ ಸೊಪ್ಪು ಹಾಗೇ ಎಣ್ಣೆಗೆ ಹಾಕಿ ಕುದಿಸಿ, ಬಿಸಿ ಆರುವ ಮೊದಲೇ ಮುಚ್ಚಳ ಬಿಗಿದೆವು. ಮೂರು ವಾರಕ್ಕೆ ಬಾಟಲಿಯ ತಳದಲ್ಲಿ ಬೂಸ್ಟು, ಮೇಲೆ ಕಮಟು ವಾಸನೆ. ಅಜ್ಜಿ ಮೂಸಿ ನೋಡಿ, "ನೀರು ಬಿಟ್ಟಿದ್ದೀರ ಕಣ್ರವ್ವ ಒಳಗೆ" ಅಂದರು. ಎರಡನೇ ಸಲ ಸೊಪ್ಪನ್ನೆಲ್ಲ ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಕಾಯಿಸಿದೆವು. ಎಣ್ಣೆಯಲ್ಲಿ ಗುಳ್ಳೆ ಏಳುವಷ್ಟು ಹೊತ್ತೂ ನೀರು ಹೋಗುತ್ತಿದೆ ಅಂತ ಅರ್ಥ. ಗುಳ್ಳೆ ನಿಂತು, ಎಲೆ ಮುರಿದರೆ ಪಟ್ ಅನ್ನಬೇಕು. ಅಜ್ಜಿಯ ಕೊನೆಯ ಪರೀಕ್ಷೆ ಇನ್ನೂ ಚೆನ್ನಾಗಿದೆ. ಒಂದು ಬತ್ತಿಯನ್ನು ಆ ಎಣ್ಣೆಯಲ್ಲಿ ಅದ್ದಿ ಹಚ್ಚುವುದು. ಚಟಚಟ ಅಂದರೆ ನೀರಿದೆ, ಸುಮ್ಮನೆ ಉರಿದರೆ ಹದ ಬಂತು. ಮನೆಯಲ್ಲಿ ಮಾಡಿಕೊಳ್ಳುವವರು ಇದನ್ನು ನೆನಪಿಡಿ.

ಮೂವರೂ ತಲಾ 3,000 ರೂಪಾಯಿ ಹಾಕಿದ್ದೆವು. 100 ಮಿ.ಲೀ.ನ 80 ಬಾಟಲಿ ಆಯಿತು, ಒಂದಕ್ಕೆ 120 ರೂಪಾಯಿ. ದೀಪಾವಳಿಯ ಎಣ್ಣೆ ಸ್ನಾನಕ್ಕೆ ಮುಂಚೆ, ಸ್ತ್ರೀಶಕ್ತಿ ಸಂಘದ ಸಭೆಯ ದಿನ ದೇವಸ್ಥಾನದ ಅಂಗಳದಲ್ಲಿ 'ಲಾಂಚ್' ಮಾಡಿದೆವು. ನಮಗೆ ಪಾಠ ಹೇಳಿದ ಮೇಷ್ಟ್ರು ಬಂದು ಮೊದಲ ಬಾಟಲಿ ಕೊಂಡರು. ಮೇಷ್ಟ್ರ ತಲೆಯಲ್ಲಿ ಒಂದು ಕೂದಲೂ ಇಲ್ಲ. ಇಡೀ ಸಭೆ ನಕ್ಕಿತು, ಅವರೂ ನಕ್ಕರು.

ಆ ಬಾಟಲಿಯ ಮೇಲೆ ನಾವು ಅಂಟಿಸಿದ ಲೇಬಲ್ಲಿನಲ್ಲಿ ಹೀಗೆ ಇತ್ತು: 'ಉದುರಿದ ಕೂದಲು ಮತ್ತೆ ಬರುತ್ತದೆ. 100% ಗ್ಯಾರಂಟಿ.'

ಯಾರು ಬರೆದದ್ದು ಅಂತ ಈಗ ನಾವು ಒಬ್ಬರ ಮೇಲೊಬ್ಬರು ಹಾಕುವುದಿಲ್ಲ. ಮೂವರೂ ಓದಿದೆವು, ಮೂವರೂ ಒಪ್ಪಿದೆವು. ಎಲ್ಲ ಎಣ್ಣೆಯವರೂ ಹಾಗೇ ಬರೆಯುತ್ತಾರಲ್ಲ ಅಂದುಕೊಂಡೆವು. ಒಂದು ಸುದ್ದಿ ಬರೆಯುವಾಗ ಇಬ್ಬರನ್ನು ಕೇಳಿ ಖಚಿತ ಮಾಡಿಕೊಳ್ಳಬೇಕು ಅಂತ ಕಲಿತವರು, ನಮ್ಮದೇ ಬಾಟಲಿಯ ವಿಷಯದಲ್ಲಿ ಯಾರನ್ನೂ ಕೇಳಲಿಲ್ಲ.

74 ಬಾಟಲಿ ಹೋದವು. ಚಳಿ ಶುರುವಾದಾಗ ಫೋನ್ ಮೇಲೆ ಫೋನ್: "ಎಣ್ಣೆ ಗಟ್ಟಿಯಾಗೈತೆ, ಡಾಲ್ಡಾ ಬೆರೆಸಿದ್ದೀರಾ?" ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ಅದು ಅದರ ಗುಣ, ಬಿಸಿನೀರಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ ಅಂತ ಎಲ್ಲರಿಗೂ ಹೇಳಿದೆವು. ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇತ್ತು.

ಉತ್ತರ ಇಲ್ಲದ ಪ್ರಶ್ನೆ ಬೇರೆ ಕಡೆಯಿಂದ ಬಂತು.

ಪಕ್ಕದ ಬೀದಿಯ ಒಬ್ಬ ಅಕ್ಕ ಆ ದಿನ ಎರಡು ಬಾಟಲಿ ಕೊಂಡಿದ್ದರು. ಕ್ಯಾನ್ಸರಿಗೆ ಕಿಮೋ ಮಾಡಿಸಿಕೊಂಡು ಬಂದು ತಿಂಗಳಾಗಿತ್ತು. ಸೆರಗು ತಲೆಯಿಂದ ಜಾರದ ಹಾಗೆ ಪಿನ್ ಹಾಕಿಕೊಂಡಿದ್ದರು. ಲೇಬಲ್ ಓದಿ, "ನಿಜವಾಗ್ಲೂ ಬತ್ತದೇನ್ರಮ್ಮ?" ಅಂತ ಕೇಳಿದ್ದರು. ನಾವು "ಬರುತ್ತೆ ಅಕ್ಕ" ಅಂದಿದ್ದೆವು.

ಸಂಕ್ರಾಂತಿ ಕಳೆದ ಮೇಲೆ ಅವರು ಸೆರಗು ತೆಗೆದೇ ನಮ್ಮನೆಗೆ ಬಂದರು. ತಲೆ ತುಂಬ ಒಂದು ಬೆರಳುದ್ದ ಕಪ್ಪು ಕೂದಲು. ನಮಗೆ ಕುಣಿಯುವಷ್ಟು ಖುಷಿ. ಫೋಟೋ ತೆಗೆದುಕೊಂಡೆವು. ಅವರ ಹಳೆಯ ಫೋಟೋ ಒಂದನ್ನೂ ಇಸಕೊಂಡು, ಮೊಬೈಲಿನಲ್ಲೇ 'ಮೊದಲು' 'ನಂತರ' ಅಂತ ಪೋಸ್ಟರ್ ಮಾಡಿದೆವು. ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವ ಮೊದಲು ನಮ್ಮಲ್ಲೊಬ್ಬಳು ಮೆಲ್ಲಗೆ ಅಂದಳು: "ಕಿಮೋ ನಿಂತ ಮೇಲೆ ಕೂದಲು ತಾನಾಗೇ ಬರುತ್ತಲ್ವಾ?"

ಹೌದು. ಸಾಮಾನ್ಯವಾಗಿ ಬರುತ್ತದೆ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಚಿಗುರಲು ಶುರುವಾಗಿ, ಕೆಲವು ತಿಂಗಳಲ್ಲಿ ತಲೆ ತುಂಬುತ್ತದೆ. ಅದು ಮೂವರಿಗೂ ಗೊತ್ತಿತ್ತು. ಆದರೂ ಪೋಸ್ಟರನ್ನು ಅಳಿಸಲಿಲ್ಲ. "ನಾವು ಸುಳ್ಳು ಹೇಳ್ತಿಲ್ಲವಲ್ಲ, ಎರಡೂ ಫೋಟೋ ನಿಜದ್ದೇ" ಅಂತ ನಮಗೆ ನಾವೇ ಹೇಳಿಕೊಂಡೆವು. ಬೆಂಗಳೂರಿಗೆ ಹೋಗಿ 500 ಬಾಟಲಿ, 500 ಲೇಬಲ್ ತರುವುದು, ಲೇಬಲ್ಲಿನಲ್ಲಿ ಆ ಅಕ್ಕನ ಫೋಟೋ ಹಾಕಿಸುವುದು ಅಂತ ತೀರ್ಮಾನ ಆಯಿತು.

ಬೆಳಗಿನ ರೈಲಿಗೆ ಹೊರಟೆವು. ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಬರಲು ಅಜ್ಜಿಯೂ ಜೊತೆಗೆ ಬಂದರು. ಚಿಕ್ಕಪೇಟೆ ಹಿಂದಿನ ಗಲ್ಲಿಯಲ್ಲಿ ಬಾಟಲಿ ರೇಟು ಕೇಳಿ, ಲೇಬಲ್ ಪ್ರಿಂಟ್ ಮಾಡುವವರ ಹತ್ತಿರ ಹೋದೆವು. ಅವರು ನಮ್ಮ ಡಿಸೈನನ್ನು ಕಂಪ್ಯೂಟರಿನಲ್ಲಿ ತೆರೆದು, "ಲೈಸೆನ್ಸ್ ನಂಬರ್ ಎಲ್ಲಿ ಮೇಡಂ? ಬ್ಯಾಚ್ ನಂಬರ್?" ಅಂದರು. ನಾವು ಮುಖ ಮುಖ ನೋಡಿಕೊಂಡೆವು. "ವಿಚಾರಿಸ್ಕೊಂಡು ಬನ್ನಿ, ಆಮೇಲೆ ಪ್ರಿಂಟ್ ಹಾಕೋಣ" ಅಂತ ಫೈಲ್ ಮುಚ್ಚಿದರು.

ಗಂಟೆ ಹನ್ನೆರಡು. ವಾಪಸ್ ರೈಲು ಸಂಜೆಗೆ. ಪಕ್ಕದೂರಿನ ಹುಡುಗಿಯೊಬ್ಬಳು, ಹೈಸ್ಕೂಲಿನಲ್ಲಿ ನಮ್ಮ ಜೊತೆ ಓದಿದವಳು, ಶಿಲ್ಪಕಲೆ ಕಲಿತು ಬೆಂಗಳೂರಿನಲ್ಲೇ ಇದ್ದಾಳೆ. ಚಿತ್ರಕಲಾ ಪರಿಷತ್ತಿನಲ್ಲಿ ಕೆಲವರು ಸೇರಿ ಆಧುನಿಕ ಶಿಲ್ಪಗಳ ಪ್ರದರ್ಶನ ಇಟ್ಟಿದ್ದೇವೆ, ಬನ್ನಿ ಅಂತ ಮೆಸೇಜು ಹಾಕಿದ್ದಳು. ಕುಮಾರಕೃಪಾ ರಸ್ತೆಯ ಈ ಪರಿಷತ್ತಿನ ಹೆಸರನ್ನು ಜನವರಿಯ ಚಿತ್ರಸಂತೆಯಿಂದ ನೀವೂ ಕೇಳಿರುತ್ತೀರಿ. ಒಳಗೆ ಹೋಗುವುದಕ್ಕೆ ದುಡ್ಡಿರಲಿಲ್ಲ, ನೆರಳಿತ್ತು. ನಿಜ ಹೇಳಬೇಕೆಂದರೆ ಅದಕ್ಕೇ ಹೋದೆವು.

ಶಿಲ್ಪ ಅಂದರೆ ನಮಗೆ ನುಗ್ಗೇಹಳ್ಳಿ. ತಿಪಟೂರಿನಿಂದ ಚನ್ನರಾಯಪಟ್ಟಣದ ದಾರಿಯಲ್ಲಿ ಸಿಗುವ 1246ರ ಲಕ್ಷ್ಮೀನರಸಿಂಹ ದೇವಸ್ಥಾನ. ಅಲ್ಲಿನ ಮೂರ್ತಿಗಳ ಒಡವೆಯ ಒಂದೊಂದು ಮಣಿಯನ್ನೂ ಎಣಿಸಬಹುದು. ಕೆತ್ತಿದ ಬೈಚೋಜ, ಮಲ್ಲಿತಮ್ಮನ ಹೆಸರೂ ಕಲ್ಲಿನಲ್ಲೇ ಉಳಿದಿವೆ. ಅದನ್ನು ನೋಡಿ ಬೆಳೆದ ಕಣ್ಣಿಗೆ ಈ ಗ್ಯಾಲರಿಯ ಶಿಲ್ಪಗಳು ತಬ್ಬಿಬ್ಬು ಮಾಡಿದವು. ಒಂದು ಕಡೆ ತುಕ್ಕು ಹಿಡಿದ ಬೋರ್‌ವೆಲ್ ಪೈಪುಗಳನ್ನು ನಿಲ್ಲಿಸಿದ್ದರು. ಇನ್ನೊಂದು ಕಡೆ ಅರ್ಧ ನುಣುಪು ಮಾಡಿ ಅರ್ಧ ಹಾಗೇ ಬಿಟ್ಟ ಕಲ್ಲು. ಅಜ್ಜಿ ಅದರ ಮುಂದೆ ನಿಂತು, "ಇದು ಇನ್ನೂ ಮುಗುದಿಲ್ವಲ್ಲ, ಆಗಲೇ ಯಾಕೆ ತಂದಿಟ್ಟವ್ರೆ?" ಅಂದರು.

ನಮ್ಮ ಗೆಳತಿಯ ಶಿಲ್ಪ ಕೊನೆಯ ಕೋಣೆಯಲ್ಲಿತ್ತು. ಆಳೆತ್ತರದ, ತೆಂಗಿನ ನಾರಿನ ಹುರಿಯಿಂದ ಗಂಟು ಹಾಕಿ ಹಾಕಿ ಕಟ್ಟಿದ ಒಂದು ಆಕಾರ. ಕೂತ ಹೆಂಗಸಿನ ಹಾಗೆ ಕಾಣುತ್ತದೆ, ಪಕ್ಕಕ್ಕೆ ಹೋದರೆ ಮರದ ಬೊಡ್ಡೆಯ ಹಾಗೆ. ಮೇಲಿನಿಂದ ಹುರಿ ಬಿಚ್ಚಿಕೊಂಡು ಎಳೆ ಎಳೆಯಾಗಿ ನೆಲದ ತನಕ ಇಳಿದಿತ್ತು. ಅಜ್ಜಿ ಸೀದಾ ಹೋಗಿ ಅದನ್ನು ಹಿಡಿದು, ಬೆರಳಲ್ಲಿ ತಿರುಚಿ ನೋಡಿದರು. ಕಾವಲಿನವರು "ಅಜ್ಜೀ, ಮುಟ್ಟಬಾರದು" ಅಂತ ಓಡಿ ಬಂದರು. ಅಜ್ಜಿ ಕೈ ಬಿಡದೆ, "ಕೈ ಹುರಿ ಕಣಪ್ಪ ಇದು, ಮಿಷಿನ್ದಲ್ಲ. ಚೆನ್ನಾಗಿ ನೆನೆಸಿರೋ ಮಟ್ಟೆ" ಅಂದರು. ಗೆಳತಿಯ ಮುಖ ಅರಳಿತು. ಬೆಳಗಿನಿಂದ ಬಂದವರಲ್ಲಿ ಅದನ್ನು ಕಂಡುಹಿಡಿದವರು ಅಜ್ಜಿ ಒಬ್ಬರೇ ಅಂತೆ.

ಹೀಗೆ ಹಗ್ಗದಲ್ಲಿ ಶಿಲ್ಪ ಮಾಡುವುದು ಅವಳು ಹೊಸದಾಗಿ ಶುರು ಮಾಡಿದ್ದಲ್ಲ ಅಂತ ಅವಳೇ ಹೇಳಿದಳು. 1949ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಮೃಣಾಲಿನಿ ಮುಖರ್ಜಿ ಅನ್ನುವ ಕಲಾವಿದೆ, ಸೆಣಬಿನಂಥ ನಾರಿನ ಹಗ್ಗಕ್ಕೆ ಬಣ್ಣ ಕಟ್ಟಿ, ಕೈಯಿಂದಲೇ ಗಂಟು ಹಾಕಿ ದೊಡ್ಡ ದೊಡ್ಡ ಶಿಲ್ಪ ಮಾಡಿ ಅವಕ್ಕೆ ಯಕ್ಷಿ, ವನಶ್ರೀ ಅಂತ ಹೆಸರಿಟ್ಟಿದ್ದರಂತೆ. ಅದಕ್ಕೂ ಮುಂಚೆ, 1938ರಲ್ಲಿ, ಶಾಂತಿನಿಕೇತನದಲ್ಲಿ ರಾಮ್‌ಕಿಂಕರ್ ಬೈಜ್ ಸಿಮೆಂಟು, ಜಂಬಿಟ್ಟಿಗೆಯ ಜಲ್ಲಿ ಕಲಸಿ ಒಂದು ಸಂತಾಲ ಕುಟುಂಬವನ್ನೇ ನಿಲ್ಲಿಸಿದರು. ಗಂಡ, ಹೆಂಡತಿ, ಮಗು, ಜೊತೆಗೊಂದು ನಾಯಿ, ಸಾಮಾನು ಹೊತ್ತು ಹೊರಟವರು. ದೇವರೂ ಅಲ್ಲ, ರಾಜರೂ ಅಲ್ಲ. ನಮ್ಮ ನಿಮ್ಮ ಹಾಗೆ ಕೂಲಿಗೆ ಹೋಗುವವರು. ಅದು ಇವತ್ತಿಗೂ ಅಲ್ಲೇ ಬಯಲಲ್ಲಿ ನಿಂತಿದೆ.

ಆಮೇಲೆ ನಾವು ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದೆವು: "ಇದರ ಅರ್ಥ ಏನೇ?"

ಅವಳು ಗೋಡೆಯ ಮೇಲಿನ ಚೀಟಿ ತೋರಿಸಿದಳು. 'ತೆಂಗಿನ ನಾರು, ಕಬ್ಬಿಣದ ಸರಳು, ನೂಲು', ಅದರ ಕೆಳಗೆ ಎತ್ತರ, ಅಗಲ, ಮಾಡಿದ ವರ್ಷ, ಅವಳ ಹೆಸರು. ಅಷ್ಟೇ.

"ಬೇರೇನೂ ಬರೆದಿಲ್ವಲ್ಲ?"

"ಏನು ಹಾಕಿದ್ದೀನೋ ಅದನ್ನ ಬರ್ದಿದ್ದೀನಿ. ನಿಮಗೆ ಇದು ಏನು ಮಾಡುತ್ತೆ ಅಂತ ನಾನು ಹೆಂಗೆ ಬರೀಲಿ? ಬರೆದುಬಿಟ್ರೆ ನೀವು ಚೀಟಿ ಓದ್ಕೊಂಡು ಹೋಗ್ತೀರ, ಇದನ್ನ ನೋಡಲ್ಲ."

ಅವಳು ಇದನ್ನು ನಮಗೆ ಬುದ್ಧಿ ಹೇಳಲು ಅಂದದ್ದಲ್ಲ. ನಮ್ಮ ಎಣ್ಣೆಯ ವಿಷಯ ಅವಳಿಗೆ ಗೊತ್ತೂ ಇರಲಿಲ್ಲ. ಆದರೆ ಮೂವರೂ ಒಟ್ಟಿಗೆ ಸುಮ್ಮನಾದೆವು. ಬ್ಯಾಗಿನಲ್ಲಿ ಆ ಅಕ್ಕನ ಫೋಟೋ ಇರುವ ಪೆನ್‌ಡ್ರೈವ್ ಇತ್ತು.

ರೈಲಿನಲ್ಲಿ ಆ ಪೋಸ್ಟರ್ ಅಳಿಸಿದೆವು. ಊರಿಗೆ ಬಂದ ಮಾರನೇ ದಿನವೇ ಅಕ್ಕನ ಮನೆಗೆ ಹೋಗಿ, ಎರಡು ಬಾಟಲಿಯ 240 ರೂಪಾಯಿ ಮುಂದಿಟ್ಟು, "ಅಕ್ಕ, ಕೂದಲು ಬಂದಿದ್ದು ನಮ್ಮ ಎಣ್ಣೆಯಿಂದ ಅಲ್ಲ, ಅದು ಹಂಗೇ ಬರ್ತಿತ್ತು. ನಾವು ಗ್ಯಾರಂಟಿ ಅಂತ ಬರೆದಿದ್ದು ತಪ್ಪಾಯ್ತು" ಅಂದೆವು.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಡಾಕ್ಟ್ರೂ ಬತ್ತದೆ ಅಂದಿದ್ರು. ನಂಗೆ ನಂಬಿಕೆ ಬರ್ನಿಲ್ಲ. ನೀವು ಅಚ್ಚು ಹಾಕ್ಸಿದ್ರಲ್ಲ, ಅದನ್ನ ನಂಬ್ದೆ" ಅಂದರು. ಆ ಮಾತು ಈಗಲೂ ಚುಚ್ಚುತ್ತದೆ. ಬರದೇ ಹೋಗಿದ್ದರೆ?

ದುಡ್ಡಿನಲ್ಲಿ 120 ಮಾತ್ರ ತೆಗೆದುಕೊಂಡರು. ಉಳಿದದ್ದನ್ನು ವಾಪಸ್ ತಳ್ಳಿದರು. ಯಾಕಕ್ಕ ಅಂದರೆ, "ನನ್ ತಲೆ ನೋಡೋಕೆ ಹೆದರ್ತಿದ್ದ ಮಗಳು ದಿನಾ ರಾತ್ರಿ ಕೂತು ಎಣ್ಣೆ ಹಚ್ಚೋಳು. ಅದಕ್ಕೆ ಇದು" ಅಂದರು. ಫೋಟೋ ಮಾತ್ರ ಎಲ್ಲೂ ಹಾಕಬೇಡಿ ಅಂದರು. ಹಾಕುವುದಿಲ್ಲ. (ಒಂದು ಮಾತು: ಇಂಥ ಚಿಕಿತ್ಸೆಯಲ್ಲಿ ಇರುವವರು ತಲೆಗೆ ಏನು ಹಚ್ಚುವುದಿದ್ದರೂ ಡಾಕ್ಟರನ್ನು ಕೇಳಿಯೇ ಹಚ್ಚಿ. ಅದನ್ನೂ ನಾವು ಆವತ್ತು ಹೇಳಿರಲಿಲ್ಲ.)

ಲೈಸೆನ್ಸಿನ ವಿಷಯವನ್ನೂ ವಿಚಾರಿಸಿದೆವು. ಹೀಗೇ ಎಣ್ಣೆ, ಸೋಪು ಮಾಡಬೇಕೆಂದಿರುವ ಸಂಘದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತೇವೆ. ಮಾರಾಟಕ್ಕೆ ಮಾಡುವ ತಲೆಎಣ್ಣೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಕೆಳಗೆ ಬರುತ್ತದೆ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕೆಗೆ ಲೈಸೆನ್ಸ್ ಬೇಕು. 'ರೋಗ ವಾಸಿ ಮಾಡುತ್ತದೆ' ಅಂತ ಬರೆದರೆ ಅದು ಕಾಂತಿವರ್ಧಕ ಅಲ್ಲ, ಔಷಧಿಯ ಲೆಕ್ಕಕ್ಕೆ ಹೋಗುತ್ತದೆ, ಅದರ ನಿಯಮವೇ ಬೇರೆ. ಸ್ವಂತ ಘಟಕ ಕಟ್ಟುವ ಶಕ್ತಿ ಇಲ್ಲದವರಿಗೆ 'ಲೋನ್ ಲೈಸೆನ್ಸ್' ಅಂತ ಒಂದು ದಾರಿ ಇದೆ. ಹೆಸರು ಕೇಳಿ ಬ್ಯಾಂಕಿನ ಸಾಲ ಅಂದುಕೊಳ್ಳಬೇಡಿ. ಈಗಾಗಲೇ ಲೈಸೆನ್ಸ್ ಇರುವ ಇನ್ನೊಬ್ಬರ ಘಟಕದಲ್ಲಿ ನಮ್ಮ ಎಣ್ಣೆ ಮಾಡಿಸಿಕೊಳ್ಳುವುದು. ನಾವು ಆ ದಾರಿ ಹಿಡಿದಿದ್ದೇವೆ. ಅದು ಆಗುವ ತನಕ ಮಾರಾಟ ನಿಲ್ಲಿಸಿದ್ದೇವೆ. ಉಳಿದ ಆರು ಬಾಟಲಿ ನಮ್ಮ ಮನೆಗಳಲ್ಲೇ ಖರ್ಚಾಗುತ್ತಿವೆ.

ಹಾಗಾದರೆ ಎಣ್ಣೆಯಿಂದ ಏನೂ ಉಪಯೋಗ ಇಲ್ಲವೇ? ಇದೆ. ತೆಂಗಿನೆಣ್ಣೆ ಕೂದಲಿನ ಎಳೆಯ ಒಳಕ್ಕೆ ಇಳಿಯುತ್ತದೆ, ತೊಳೆಯುವಾಗ ಬಾಚುವಾಗ ಕೂದಲಿನ ಪ್ರೋಟೀನು ಸವೆಯುವುದನ್ನು ಕಮ್ಮಿ ಮಾಡುತ್ತದೆ ಅಂತ 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಹೇಳಿದೆ. ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್‌ಗೆ ಹೋಲಿಸಿ ನೋಡಿದ್ದು ಅದು. ಇರುವ ಕೂದಲನ್ನು ಕಾಯುವುದು ಬೇರೆ, ಇಲ್ಲದ್ದನ್ನು ಬರಿಸುವುದು ಬೇರೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಯಾರಿಗಾದರೂ ಸಹಜ. ಅದಕ್ಕಿಂತ ಜಾಸ್ತಿ ಗೊಂಚಲಾಗಿ ಬರುತ್ತಿದ್ದರೆ ಎಣ್ಣೆ ಬದಲಾಯಿಸುವ ಮೊದಲು ಡಾಕ್ಟರ ಹತ್ತಿರ ಹೋಗಿ.

ಹೊಸ ಲೇಬಲ್ ಬರೆದು ಇಟ್ಟುಕೊಂಡಿದ್ದೇವೆ. ಲೈಸೆನ್ಸ್ ನಂಬರ್, ಬ್ಯಾಚ್ ನಂಬರಿಗೆ ಜಾಗ ಬಿಟ್ಟಿದ್ದೇವೆ. ಮಿಕ್ಕದ್ದು ಹೀಗಿದೆ:

'ತಲೆಗೆ ಹಚ್ಚುವ ಎಣ್ಣೆ. ಕೊಬ್ಬರಿ ಎಣ್ಣೆ, ದಾಸವಾಳ, ಗರುಗ, ಕರಿಬೇವು, ಒಂದೆಲಗ, ಮೆಂತ್ಯ. 100 ಮಿ.ಲೀ. ಚಳಿಗೆ ಗಟ್ಟಿಯಾಗುತ್ತದೆ.'

ಅಜ್ಜಿಗೆ ಓದಿ ಹೇಳಿದೆವು. "ಇಷ್ಟೇ ಬರುದ್ರೆ ಯಾರವ್ವ ತಗೋತಾರೆ?" ಅಂದರು. ಸ್ವಲ್ಪ ಯೋಚಿಸಿ ಅವರೇ, "ನನ್ನ ತುರುಬು ನೋಡಿ ತಗೊಳ್ಳಿ ಬಿಡು" ಅಂದು ನಕ್ಕರು. ಮೇಷ್ಟ್ರು ಮಾತ್ರ, ಲೇಬಲ್ ಹೇಗಿದ್ದರೂ ತಮಗೊಂದು ಬಾಟಲಿ ಬೇಕೇ ಬೇಕು ಅಂತ ಈಗಾಗಲೇ ಹೇಳಿಟ್ಟಿದ್ದಾರೆ. ಹಚ್ಚಿಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದಂತೆ. ಅದನ್ನು ನಾವು ಲೇಬಲ್ಲಿನಲ್ಲಿ ಬರೆಯುವುದಿಲ್ಲ.