ಕೇಳಿ ಕೊಡುವ ಶಿಕ್ಷೆ

ದಂಡ ಕಟ್ಟಿ ಬಂದವನು ಊರಲ್ಲಿ ತಲೆಯೆತ್ತಿಕೊಂಡೇ ತಿರುಗಬಲ್ಲ. ಸಾವಿರ ರೂಪಾಯಿ ಹೋಯಿತೆಂದು ಹೇಳಿಕೊಳ್ಳುವುದರಲ್ಲಿಯೂ ಅವನಿಗೆ ಒಂದು ಬಗೆಯ ಹೆಮ್ಮೆ. ತನ್ನ ಗಾಡಿಯ ಓಟಕ್ಕೆ ಸರಕಾರವೇ ಬರೆದುಕೊಟ್ಟ ಯೋಗ್ಯತಾಪತ್ರವೆಂಬಂತೆ ರಸೀತಿಯನ್ನು ನಾಲ್ಕು ಜನಕ್ಕೆ ತೋರಿಸಿಯಾನು. ಆದರೆ ಲೈಸೆನ್ಸನ್ನೇ ಬಿಟ್ಟು ಬಂದವನ ಮುಖ ನೋಡಿ. ಅವನು ಯಾರಿಗೂ ಏನನ್ನೂ ತೋರಿಸುವುದಿಲ್ಲ. ಗಾಡಿ ಯಾಕಪ್ಪಾ ಮನೆಯ ಮುಂದೆಯೇ ನಿಂತಿದೆ ಎಂದು ಕೇಳಿದರೆ ಟಯರು, ಬ್ಯಾಟರಿ ಎಂದು ಏನಾದರೊಂದು ಹೇಳಿ ಜಾರಿಕೊಳ್ಳುತ್ತಾನೆ. ಹಣ ಹೋದರೆ ಕಿಸೆ ಹಗುರಾಗುತ್ತದೆ. ಲೈಸೆನ್ಸು ಹೋದರೆ ಮನುಷ್ಯನೇ ಹಗುರಾಗುತ್ತಾನೆ.

ಕಾಯ್ದೆ ಮಾಡಿದವರಿಗೆ ಈ ಗುಟ್ಟು ತಡವಾಗಿಯಾದರೂ ತಿಳಿಯಿತೆನ್ನಬೇಕು. ೧೯೮೮ರ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲ ಸಲದ ಅತಿವೇಗಕ್ಕೆ ನಾನೂರು ರೂಪಾಯಿಯವರೆಗೆ ದಂಡವಿತ್ತು. ಅದಕ್ಕೆ ಯಾರೂ ಹೆದರಲಿಲ್ಲ. ೨೦೧೫ರಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ರಸ್ತೆ ಸುರಕ್ಷಾ ಸಮಿತಿಯು, ಅತಿವೇಗಕ್ಕೂ ಕುಡಿದು ಓಡಿಸುವುದಕ್ಕೂ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ಲೈಸೆನ್ಸನ್ನು ಅಮಾನತು ಮಾಡಿರೆಂದು ರಾಜ್ಯಗಳಿಗೆ ತಾಕೀತು ಮಾಡಿತು. ೨೦೧೯ರ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದಾಗ, ಹಗುರ ವಾಹನದ ಅತಿವೇಗಕ್ಕೆ ದಂಡ ೧,೦೦೦ದಿಂದ ೨,೦೦೦ ರೂಪಾಯಿಯಾಯಿತು. ಪೋಲೀಸರು ರಸ್ತೆಯಲ್ಲಿಯೇ ಲೈಸೆನ್ಸನ್ನು ವಶಪಡಿಸಿಕೊಂಡು ಸಾರಿಗೆ ಕಚೇರಿಗೆ ಕಳಿಸಬೇಕೆಂಬ ಮಾತೂ ಸೇರಿಕೊಂಡಿತು.

ಇದು ಅನ್ಯಾಯವೆಂದು ನಾನು ಹೇಳಲಾರೆ. ಗಂಟೆಗೆ ಅರವತ್ತು ಕಿಲೋಮೀಟರಿನ ಓಟವೆಂದರೆ ಸೆಕೆಂಡಿಗೆ ಸುಮಾರು ಹದಿನೇಳು ಮೀಟರು. ಚಾಲಕನು ಕಂಡು, ಬೆಚ್ಚಿ, ಬ್ರೇಕಿನ ಮೇಲೆ ಕಾಲಿಡುವ ಮೊದಲೇ ಅಷ್ಟು ದೂರ ಹೋಗಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಗಾಡಿ ಓಡುವ ದೂರ ನಾಲ್ಮಡಿಯಾಗುತ್ತದೆ. ದಾಸನಕೊಪ್ಪದಂಥ ನಮ್ಮ ಊರುಗಳಲ್ಲಿ ರಸ್ತೆಯೆಂದರೆ ಬರಿಯ ರಸ್ತೆಯಲ್ಲ. ಅದು ಮಕ್ಕಳ ಶಾಲೆಯ ದಾರಿ, ದನಗಳ ಮೇವಿನ ದಾರಿ, ಸುಗ್ಗಿಯ ಕಾಲಕ್ಕೆ ಭತ್ತ ಒಣಗಿಸುವ ಅಂಗಳ. ಇಲ್ಲಿ ಹದಿನೇಳು ಮೀಟರೆಂದರೆ ಎರಡು ಮನೆಗಳ ಬಾಗಿಲು.

ಆದರೂ ಈ ಕಟ್ಟುನಿಟ್ಟಿನ ಇನ್ನೊಂದು ಮುಖವನ್ನು ನನಗೆ ತೋರಿಸಿದವನು ನಮ್ಮ ನೆರೆಯ ಒಬ್ಬ ಚಾಲಕ. ಬನವಾಸಿ ಸೀಮೆಯ ಅನಾನಸನ್ನು ತನ್ನ ಸಣ್ಣ ಗಾಡಿಯಲ್ಲಿ ತುಂಬಿಕೊಂಡು ಹುಬ್ಬಳ್ಳಿಗೆ ಹೋಗುವುದು ಅವನ ಕಸುಬು. ಒಂದು ದಿನ ಹೆದ್ದಾರಿಯಲ್ಲಿ ಅವನನ್ನು ತಡೆದರು, ವೇಗದ ಲೆಕ್ಕ ತೋರಿಸಿದರು, ಲೈಸೆನ್ಸು ಇಟ್ಟುಕೊಂಡು ಒಂದು ಚೀಟಿ ಕೊಟ್ಟರು. ಆ ಚೀಟಿಯನ್ನು ಹಿಡಿದುಕೊಂಡು ಅವನು ನನ್ನಲ್ಲಿಗೆ ಬಂದ.

“ಮಾಸ್ತರ್ರ, ಇದರ ಮ್ಯಾಲ ಗಾಡಿ ಹೊಡೀಬೋದೇನ್ರಿ?”

“ಹೊಡೀಬಹುದು ತಮ್ಮಾ. ಲೈಸೆನ್ಸು ತಿರುಗಿ ಬರುವ ತನಕ, ಇಲ್ಲವೇ ಚೀಟಿಯಲ್ಲಿ ಬರೆದ ದಿನದ ತನಕ, ಯಾವುದು ಮೊದಲೋ ಅಲ್ಲಿಯವರೆಗೆ ಓಡಿಸಬಹುದು.”

“ದಂಡ ಹಾಕಿದ್ರ ಕಟ್ತಿದ್ನಿರಿ. ಲೈಸೆನ್ಸ ಹೋದ್ರ ಮನ್ಯಾಗ ಒಲಿ ಹ್ಯಾಂಗ ಹಚ್ಚೂದ್ರಿ?”

“ಜೋರಾಗಿ ಹೋಗಿದ್ದು ಹೌದೋ ಅಲ್ಲವೋ?”

ಅವನು ಸುಳ್ಳು ಹೇಳಲಿಲ್ಲ. “ಹೌದ್ರಿ. ತಡಾ ಆದ್ರ ಅರ್ಧಾ ರೇಟಿಗೆ ಕೇಳ್ತಾರ್ರಿ” ಎಂದ.

ತಪ್ಪು ಒಪ್ಪಿಕೊಂಡವನಿಗೆ ವಾದಿಸುವ ಹಕ್ಕುಂಟೇ? ಉಂಟು ಎನ್ನುತ್ತದೆ ಕಾಯ್ದೆಯ ಹತ್ತೊಂಬತ್ತನೆಯ ಕಲಮು. ಲೈಸೆನ್ಸನ್ನು ಅಮಾನತು ಮಾಡುವ ಮೊದಲು ಅಧಿಕಾರಿಯು ಅವನ ಮಾತನ್ನು ಕೇಳಬೇಕು. ಆಜ್ಞೆ ಮಾಡಿದರೆ ಕಾರಣ ಬರೆಯಬೇಕು. ಆಜ್ಞೆ ಕೈಸೇರಿದ ಮೂವತ್ತು ದಿನಗಳೊಳಗೆ ಮೇಲ್ಮನವಿಗೂ ಅವಕಾಶವುಂಟು. ವಶಪಡಿಸಿಕೊಳ್ಳುವುದು ಬೇರೆ, ಅಮಾನತು ಮಾಡುವುದು ಬೇರೆ. ಕಲ್ಕತ್ತೆಯ ರಸ್ತೆಯೊಂದರಲ್ಲಿ ಮೂವತ್ತರ ಮಿತಿಯಲ್ಲಿ ಅರವತ್ತೆರಡರ ವೇಗದಲ್ಲಿ ಹೋದರೆಂಬ ಆಪಾದನೆಗೆ ಒಳಗಾದವರೊಬ್ಬರು ಅಲ್ಲಿಯ ಹೈಕೋರ್ಟಿಗೆ ಹೋದರು. ಪೋಲೀಸರು ಲೈಸೆನ್ಸನ್ನು ಹಿಡಿದಿಟ್ಟು ಕಳಿಸಬಹುದೇ ಹೊರತು ತಾವೇ ಅಮಾನತು ಮಾಡಲಾರರು, ಆ ಅಧಿಕಾರ ಲೈಸೆನ್ಸು ಕೊಟ್ಟ ಪ್ರಾಧಿಕಾರದ್ದು, ಎಂದು ೨೦೨೨ರಲ್ಲಿ ಆ ನ್ಯಾಯಾಲಯ ತೀರ್ಪಿತ್ತಿತು. ಹಿಡಿದವನೇ ತೂಗಬಾರದೆಂಬುದು ಹಳೆಯ ನ್ಯಾಯ. ಅದಕ್ಕೆ ಹೊಸ ರಸ್ತೆಯಲ್ಲಿಯೂ ಜಾಗವಿದೆಯೆಂದು ತಿಳಿದು ನನಗೆ ಸಂತೋಷವಾಯಿತು.

ಕ್ಯಾಮೆರಾದ ಕಾಲದಲ್ಲಿ ಈ ಕೇಳುವ ಕೆಲಸ ಇನ್ನೂ ಅಗತ್ಯ. ಕ್ಯಾಮೆರಾ ನಂಬರು ಹಲಗೆಯನ್ನು ಬಲ್ಲದು. ಚಕ್ರ ಹಿಡಿದು ಕೂತವನು ಯಜಮಾನನೋ ಅವನ ಅಳಿಯನೋ ಬಲ್ಲದೆನ್ನುವಂತಿಲ್ಲ. ೨೦೨೧ರಲ್ಲಿ ಬಂದ ಕೇಂದ್ರದ ನಿಯಮವು ಯಂತ್ರಕ್ಕೆ ವರ್ಷ ವರ್ಷವೂ ಪ್ರಮಾಣಪತ್ರ ಬೇಕೆಂದಿತು, ಕ್ಯಾಮೆರಾ ಇದೆಯೆಂದು ಜನರನ್ನು ಎಚ್ಚರಿಸುವ ಫಲಕ ಬೇಕೆಂದಿತು, ಹದಿನೈದು ದಿನಗಳೊಳಗೆ ನೋಟೀಸು ಹೋಗಬೇಕೆಂದಿತು. ಇವನ್ನೆಲ್ಲ ಕೇಳಿ ನೋಡುವುದು ತಪ್ಪಿಸಿಕೊಳ್ಳುವ ಹಂಚಿಕೆಯಲ್ಲ. ಅಂಗಡಿಯಲ್ಲಿ ತಕ್ಕಡಿಯ ಮುಳ್ಳನ್ನು ನೋಡಿದಷ್ಟೇ ಸಹಜ.

ನಮ್ಮ ಚಾಲಕ ಒಂದು ಹಾಳೆಯಲ್ಲಿ ತನ್ನ ಸಮಾಧಾನ ಬರೆಸಿಕೊಂಡು ಹೋದ. ವೇಗ ಮೀರಿದ್ದನ್ನು ಅಲ್ಲಗಳೆಯಲಿಲ್ಲ. ಕಸುಬಿನ ವಿಷಯ, ಮನೆಯ ವಿಷಯ ಹೇಳಿಕೊಂಡ. ಅಧಿಕಾರಿಗಳು ಕೇಳಿದರು. ಕೇಳಿಯೂ ಮೂರು ತಿಂಗಳು ಅಮಾನತು ಮಾಡಿದರು. ಮೇಲ್ಮನವಿ ಮಾಡುವೆಯಾ ಎಂದು ನಾನು ಕೇಳಿದೆ. “ಬ್ಯಾಡ್ರಿ, ಕುಂದ್ರಿಸಿ ಕೇಳಿದ್ರು, ಸಾಕು” ಎಂದ. ಆ ಮೂರು ತಿಂಗಳು ಅವನ ಮೈದುನ ಗಾಡಿ ಹೊಡೆದ. ಇವನು ಬಾಳೆಯ ತೋಟದಲ್ಲಿ ಕೂಲಿಗೆ ಹೋದ.

ಶಿಕ್ಷೆ ಸರಿಯೇ ಇತ್ತೆಂದು ಈಗಲೂ ನನ್ನ ಅಭಿಪ್ರಾಯ. ಆದರೆ ಅದರ ಭಾರ ಎಲ್ಲರಿಗೂ ಒಂದೇ ಅಲ್ಲ. ಪೇಟೆಯ ಶ್ರೀಮಂತರ ಲೈಸೆನ್ಸು ಹೋದರೆ ಅವರು ಹಿಂದಿನ ಸೀಟಿಗೆ ಹೋಗಿ ಕೂರುತ್ತಾರೆ, ಅಷ್ಟೆ. ದುಡಿಮೆಗಾರನಿಗೆ ಹಿಂದಿನ ಸೀಟಿಲ್ಲ. ತಡವಾದ ಹಣ್ಣಿಗೆ ಅರ್ಧ ಬೆಲೆ ಕಟ್ಟಿ ಅವನ ಕಾಲನ್ನು ಎಕ್ಸಿಲರೇಟರಿನ ಮೇಲೆ ಒತ್ತಿದ ವ್ಯಾಪಾರಿಗೆ ಯಾವ ಕ್ಯಾಮೆರಾವೂ ನೋಟೀಸು ಕಳಿಸದು. ಈ ವ್ಯತ್ಯಾಸವನ್ನು ಕಾಯ್ದೆಯ ಪುಸ್ತಕ ಕಾಣಲಾರದು, ಯಂತ್ರವೂ ಕಾಣಲಾರದು. ಎದುರಿಗೆ ನಿಂತವನನ್ನು ಕುಳ್ಳಿರಿಸಿ ಐದು ನಿಮಿಷ ಕೇಳುವ ಅಧಿಕಾರಿ ಮಾತ್ರ ಕಾಣಬಲ್ಲ. ರಸ್ತೆಯಲ್ಲಿ ನಾವೆಲ್ಲ ನಿಧಾನವಾಗಬೇಕೆಂದು ಹೇಳುವ ಕಾಯ್ದೆಗೆ ನಮ್ಮ ಕೋರಿಕೆ ಇಷ್ಟೇ: ತೀರ್ಪು ಕೊಡುವಾಗ ತಾನೂ ಸ್ವಲ್ಪ ನಿಧಾನವಾಗಲಿ.